ಕುತ್ತಿಗೆಯಲ್ಲೊಂದು ಗಂಟು

ಮಕ್ಕಳೇ, ನಮ್ಮ ಕೆ.ಜಿ.ಎಫ್. ಗಣಿಯಲ್ಲಿ ದುಡಿದ ತಾತಂದಿರು ಸಿಕ್ಕರೆ ಕೇಳಿ ನೋಡಿ. ಸಿಡಿಮದ್ದು ಹಾರಿಸಿದ ಮೇಲೆ ಒಳಗೆ ಹೋದವರು ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟುತ್ತಿದ್ದರು. ‘ಠಣ್’ ಎಂದರೆ ಗಟ್ಟಿ. ‘ಡಬ್’ ಎಂದರೆ ಸಡಿಲ, ಅದರ ಕೆಳಗೆ ನಿಲ್ಲಬಾರದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಆ ಕತ್ತಲಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಬೇಕು. 2001ರಲ್ಲಿ ಗಣಿ ಮುಚ್ಚಿತು. ಆದರೆ ಒಡೆಯದೆ, ಕೊಯ್ಯದೆ, ಸದ್ದಿನಿಂದಲೇ ಒಳಗನ್ನು ತಿಳಿಯುವ ಉಪಾಯ ಆಸ್ಪತ್ರೆಗಳಲ್ಲಿ ಇನ್ನೂ ನಡೆಯುತ್ತಿದೆ.

ಅದನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮ ಮನೆಯಾಕೆಯ ಕುತ್ತಿಗೆಯಿಂದಾಗಿ. “ಅಜ್ಜಿ, ನೀನು ನೀರು ಕುಡಿದಾಗ ಇಲ್ಲೊಂದು ಗೋಲಿ ಮೇಲಕ್ಕೆ ಹೋಗಿ ಕೆಳಗೆ ಬರುತ್ತೆ!” ಎಂದು ಮೊಮ್ಮಗಳು ಕಂಡುಹಿಡಿದಳು. ಬ್ಯಾಂಕಿನಲ್ಲಿ ಗಂಟು ಇದ್ದರೆ ಸಂತೋಷ. ಕುತ್ತಿಗೆಯಲ್ಲಿ ಕಂಡರೆ ಮನೆಮಂದಿಗೆಲ್ಲ ಒಂದೇ ಯೋಚನೆ, ಯಾರೂ ಬಾಯಿಬಿಟ್ಟು ಹೇಳದ ಒಂದೇ ಹೆಸರು. ಆಕೆ ಮೂರು ದಿನ ಸೆರಗು ಹೊದ್ದೇ ಓಡಾಡಿದಳು. ನಾಲ್ಕನೆಯ ದಿನ ರೈಲು ಹತ್ತಿ ಬಂಗಾರಪೇಟೆಗೆ ಹೋದೆವು. ಸ್ಕ್ಯಾನಿಂಗ್ ಕೇಂದ್ರದಲ್ಲಿ, ಕಾನೂನಿನಂತೆ, ‘ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕವಿತ್ತು. “ನನಗೂ ಇದೇ ಮಿಷನ್ನಾ?” ಎಂದು ಆಕೆ ಆ ಭಯದಲ್ಲೂ ನಕ್ಕಳು.

ಹೌದು, ಅದೇ ಬಗೆಯ ಯಂತ್ರ. ಮನುಷ್ಯರ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಿಸುತ್ತದೆ. ಕುತ್ತಿಗೆಗೆ ಬಳಸುವ ಅಲ್ಟ್ರಾಸೌಂಡ್ ಸುಮಾರು 1 ಕೋಟಿ ಸಲ ಕಂಪಿಸುತ್ತದೆ. ಎಕ್ಸ್‌ರೇ ಕಿರಣವಿಲ್ಲ, ನೋವೂ ಇಲ್ಲ. ನಡುವೆ ಗಾಳಿ ಇದ್ದರೆ ಸದ್ದು ಒಳಗೆ ಹೋಗದು, ಅದಕ್ಕೇ ತಣ್ಣನೆಯ ಜೆಲ್ ಸವರುತ್ತಾರೆ. ಹೋದ ಸದ್ದು ಪ್ರತಿಧ್ವನಿಯಾಗಿ ಮರಳುತ್ತದೆ. ನೀರು ತುಂಬಿದ ಗಂಟಿನೊಳಗಿಂದ ಪ್ರತಿಧ್ವನಿ ಬಾರದು, ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಗಟ್ಟಿ ಗಂಟು ಬೂದುಬಣ್ಣ.

“ಅಮ್ಮಾ, ಉಗುಳು ನುಂಗಿ,” ಎಂದರು ಡಾಕ್ಟರಮ್ಮ. ಗಂಟೂ ಜೊತೆಗೆ ಎದ್ದಿತು. ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗಿದಾಗ ಅದೂ ಏಳುತ್ತದೆ.

ಗಂಟಿಗೆ ಅಂಕ ಕೊಡುವ ಪದ್ಧತಿಯೂ ಇದೆ. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ್ದು, ಹೆಸರು ಟೈ-ರ್‍ಯಾಡ್ಸ್. ಶಾಲೆಗೆ ಪೂರಾ ಉಲ್ಟಾ: ಇಲ್ಲಿ ಸೊನ್ನೆ ಬಂದವರೇ ಜಾಣರು! ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ, ಅಂಚು ಒರಟಾಗಿದ್ದರೆ, ಸಣ್ಣ ಬಿಳಿ ಚುಕ್ಕೆಗಳಿದ್ದರೆ ಅಂಕ ಏರುತ್ತದೆ. ಅಂಕವನ್ನೂ ಅಳತೆಯನ್ನೂ ನೋಡಿ, ಬೇಕಾದರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷಿಸುತ್ತಾರೆ. ನಮ್ಮಾಕೆಯ ಗಂಟಿನೊಳಗೆ ಸೆಟ್ ದೋಸೆಯ ಮೇಲಿನ ಹಾಗೆ ತೂತು ತೂತು. ಸೊನ್ನೆ! ಸೂಜಿಯೂ ಬೇಡ ಎಂದರು. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೆಂದು ಆಗಲೇ ತಿಳಿಯಿತು. ವಾಪಸ್ ಬರುವಾಗ ಸೆರಗು ಹೆಗಲ ಮೇಲಿತ್ತು.

ಮಕ್ಕಳಿಗೂ ಕುತ್ತಿಗೆಯಲ್ಲಿ ಗಂಟು ಬರುವುದುಂಟು. ಗಂಟಲು ನೋವು, ನೆಗಡಿ ಬಂದಾಗ ದುಗ್ಧಗ್ರಂಥಿ ಹುರುಳಿಕಾಯಿ ಬೀಜದಂತೆ ಊದಿ, ಆಮೇಲೆ ಇಳಿಯುತ್ತದೆ. ಇನ್ನೊಂದು, ಕುತ್ತಿಗೆಯ ನಟ್ಟನಡುವೆ ಹುಟ್ಟಿನಿಂದ ಉಳಿದ ನೀರುಗುಳ್ಳೆ. ನಾಲಿಗೆ ಹೊರಚಾಚಿದರೆ ಅದು ಮೇಲಕ್ಕೇರುತ್ತದೆ. ಡಾಕ್ಟರು ನಾಲಿಗೆ ಚಾಚು ಎಂದಾಗ ಚೇಷ್ಟೆ ಎಂದುಕೊಳ್ಳಬೇಡಿ.

ಹಿರಿಯರೇ, ಗಂಟು ಬೇಗ ಬೆಳೆದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ ಮೂರು ದಿನವೂ ಕಾಯಬೇಡಿ. ಹೋಗುವಾಗ ಹಳೆಯ ರಿಪೋರ್ಟ್ ಒಯ್ಯಿರಿ, ಅಳತೆ ಹೋಲಿಸಿ ನೋಡಲು ಬೇಕಾಗುತ್ತದೆ. ನಮ್ಮ ಮನೆಯದು ಪಾಸ್‌ಬುಕ್ಕುಗಳ ಜೊತೆಯಲ್ಲೇ ಇದೆ.