ಗೋದಾಮಿನ ಹಿಂದಿನ ಅರ್ಧ ಎಕರೆ



ಸಂಘದ ಗೋದಾಮಿನ ಹಿಂದೆ ಖಾಲಿ ಬಿದ್ದಿರುವ ಅರ್ಧ ಎಕರೆಯಲ್ಲಿ ಸಣ್ಣ ಮಕ್ಕಳಿಗೆ ಆಟದ ಅಂಗಳ ಮಾಡಬೇಕೆಂಬ ಪ್ರಸ್ತಾಪ ಮುಂದಿನ ಸರ್ವ ಸದಸ್ಯರ ಸಭೆಗೆ ಬರಲಿದೆ. ಅಲ್ಲಿ ಮಳಿಗೆ ಕಟ್ಟಿದರೆ ಬಾಡಿಗೆಯಾದರೂ ಬಂದೀತೆಂದು ಕೆಲವರ ವಾದ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಐದಾರು ವರ್ಷದ ಮಕ್ಕಳು ಎಲ್ಲಿರುತ್ತಾರೆ? ಕಾಫಿ ಒಣಗುವ ಕಣದಲ್ಲಿ, ಪಲ್ಪರಿನ ಪಕ್ಕದಲ್ಲಿ, ಅಡಿಕೆ ಬೇಯುವ ಹಂಡೆಯ ಒಲೆಯ ಬಳಿ, ಬೇಲಿಯಿಲ್ಲದ ಕೃಷಿ ಹೊಂಡದ ದಂಡೆಯಲ್ಲಿ. ಕೂಲಿಗೆ ಬಂದವರ ಮಕ್ಕಳಂತೂ ಗಿಡದ ಬುಡದಲ್ಲಿ ಗೋಣಿ ಹಾಸಿಕೊಂಡು ಕೂತಿರುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ ಶಿಶುಗೃಹವನ್ನು ವಿಧಿಸಿತ್ತು. ನಾಲ್ಕೈದು ಎಕರೆಯ ಹಿಡುವಳಿಗೆ ಅದು ತಾಕಲಿಲ್ಲ.

ಆಟದ ಅಂಗಳವೆಂದೊಡನೆ ಕಣ್ಣಿಗೆ ಬರುವುದು ಪೇಟೆಯ ಪಾರ್ಕು: ಕಬ್ಬಿಣದ ಜಾರುಬಂಡಿ, ಬಣ್ಣ ಬಳಿದ ಸಿಮೆಂಟಿನ ಜಿಂಕೆ. ನಮ್ಮ ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಜಿಂಕೆ ಪಾಚಿಗಟ್ಟುತ್ತದೆ. ಮೇಲಾಗಿ, ಸಿಮೆಂಟಿನ ಜಿಂಕೆ ಎಂದಿಗೂ ಜಿಂಕೆಯೇ. ಅಡಿಕೆ ಹಾಳೆ ಹಾಗಲ್ಲ. ಕೂತು ಎಳೆಸಿಕೊಂಡರೆ ಗಾಡಿ, ತಲೆಗಿಟ್ಟರೆ ಟೊಪ್ಪಿ, ಚರಂಡಿಗೆ ಬಿಟ್ಟರೆ ದೋಣಿ.

ಇದು ಹಳ್ಳಿಗರ ಬಡಾಯಿಯಲ್ಲ. ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ಉದ್ಯಾನ ವಿನ್ಯಾಸಕಾರರು, ತಾವು ಹಾಕಿಕೊಟ್ಟ ಅಚ್ಚುಕಟ್ಟಾದ ಅಂಗಳಗಳಿಗಿಂತ ಕಟ್ಟಡ ಕೆಲಸದ ಜಾಗಗಳಲ್ಲೇ ಮಕ್ಕಳು ಉತ್ಸಾಹದಿಂದ ಆಡುವುದನ್ನು ಕಂಡರು. 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ ಬಳಿಯ ಎಂಡ್ರುಪ್‌ನಲ್ಲಿ ಹಲಗೆ, ಮಣ್ಣು, ಹಳೆಯ ಸಾಮಾನುಗಳ ಅಂಗಳವೊಂದು ತೆರೆಯಿತು. ಯುದ್ಧಾನಂತರ ಇಂಗ್ಲೆಂಡಿನವರು ಬಾಂಬು ಬಿದ್ದ ನಿವೇಶನಗಳಲ್ಲಿ ಅದನ್ನೇ ಅನುಸರಿಸಿದರು.

ನಮಗೆ ಸಾಮಾನಿಗೆ ಬರವಿಲ್ಲ. ಜಾರಲು ಮಣ್ಣಿನ ದಿಬ್ಬ. ಮೇಲೆ ನಡೆಯಲು ಅರ್ಧ ಹೂತ ಸಿಲ್ವರ್ ಓಕ್ ದಿಮ್ಮಿಗಳು (ಸುಮ್ಮನೆ ರಾಶಿ ಹಾಕಿದರೆ ಸಂದಿಯಲ್ಲಿ ಹಾವು ಸೇರುತ್ತದೆ). ಹತ್ತಲು ಪೇರಳೆ ಗಿಡ. ಅಡಿಕೆ ದಬ್ಬೆ ಮಾತ್ರ ಬೇಡ; ಅದರ ಸಿಬಿರು ಹೊಕ್ಕ ಅಂಗೈಯ ಪಾಡು ಸದಸ್ಯರಿಗೆ ಗೊತ್ತು. ಯಾವುದೂ ನಾಲ್ಕಡಿ ಮೀರಬಾರದು, ಕೆಳಗೆ ಒಂಬತ್ತು ಇಂಚು ಸಡಿಲ ಮರಳಿರಬೇಕು. ಕಣಗಿಲೆ, ದತ್ತೂರ ಸುತ್ತಮುತ್ತ ಇರಕೂಡದು. ಔಷಧಿಯ ಖಾಲಿ ಡಬ್ಬಿ ತೊಳೆದದ್ದಾದರೂ ಒಳಗೆ ಬರಕೂಡದು. ಲಾರಿ ತಿರುಗುವ ಕಡೆಗೆ ಗಟ್ಟಿ ಬೇಲಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಇಂಬಳಗಳದ್ದು, ಬಾಗಿಲು ಹಾಕುವುದೇ ಲೇಸು.

ನಿಜವಾದ ಖರ್ಚು ಬೇರೆ. ನೋಡಿಕೊಳ್ಳುವವರಿಲ್ಲದ ಅಂಗಳ ಕಣಕ್ಕಿಂತ ಮೇಲೇನಲ್ಲ. ಎಂಡ್ರುಪ್‌ನಲ್ಲೂ ಮಕ್ಕಳ ಜೊತೆ ಒಬ್ಬ ಹಿರಿಯರನ್ನು ನೇಮಿಸಿದ್ದರು. ಕೊಯ್ಲಿನ ಕಾಲಕ್ಕಾದರೂ ಒಬ್ಬ ಆಯಾಗೆ ಸಂಬಳ ಕೊಡಲು ಸಭೆ ಒಪ್ಪಬೇಕು. ಇನ್ನೊಂದು ಮಾತು ಕೆಲವರಿಗೆ ಹಿಡಿಸಲಾರದು. ಅಂಗಳ ಸದಸ್ಯರ ಮಕ್ಕಳಿಗಷ್ಟೇ ಎಂದಾದರೆ ನಮ್ಮ ಮತ ಮಳಿಗೆಗೇ. ಅಸ್ಸಾಮಿನಿಂದ ಬಂದು ನಮ್ಮ ಕಾಫಿ ಕೊಯ್ಯುವವರ ಮಗುವೂ ಅದೇ ಹಾಳೆಯ ಮೇಲೆ ಕೂರಬೇಕು, ನಮ್ಮ ಮೊಮ್ಮಕ್ಕಳು ಎಳೆಯಬೇಕು. ಸರದಿಯ ಮೇಲೆ ಅದಲು ಬದಲು.

ದಿಮ್ಮಿ, ಮರಳು, ಒಂದು ದಿನದ ಆಳು ಕೊಡಬಯಸುವವರು ಸಭೆಗೆ ಮುಂಚೆಯೇ ಸಂಘದ ಗುಮಾಸ್ತರಲ್ಲಿ ಹೆಸರು ಬರೆಸಿದರೆ ಅಂದಾಜು ಪಟ್ಟಿ ಹಾಕಲು ಅನುಕೂಲ.