ಉಳುಕೋ, ಮುರಿತವೋ?



ಅಂಗಡಿಯ ಮೆಟ್ಟಿಲು ಇಳಿಯುವಾಗ ಕಾಲು ಹೊರಳಿ ಹರಡು ಬಾತರೆ, "ಉಳುಕಿದೆ, ಎಣ್ಣೆ ಹಚ್ಚಿ ತಿಕ್ಕಿರಿ" ಎನ್ನುವವರೇ ನಮ್ಮಲ್ಲಿ ಬಹಳ. ವ್ಯಾಪಾರದ ಹಂಗಾಮಿನಲ್ಲಿ ಗಾದಿ ಬಿಟ್ಟು ದವಾಖಾನೆಗೆ ಹೋಗುವುದು ಯಾರಿಗೂ ಬೇಡ. ಆದರೆ ಎಲುಬೇ ಮುರಿದಿದ್ದರೆ, ಒಂದು ದಿನದ ಉಳಿತಾಯ ಜನ್ಮವಿಡೀ ಕುಂಟುವ ನಷ್ಟವಾದೀತು.

ಹರಡಿನಲ್ಲಿ ಮೂರು ಎಲುಬುಗಳು ಕೂಡುತ್ತವೆ. ಮೊಣಕಾಲಿನಿಂದ ಇಳಿದ ಎರಡು ಎಲುಬುಗಳ ತುದಿಗಳೇ ಒಳಗೂ ಹೊರಗೂ ಕೈಗೆ ಸಿಗುವ ಗುಬ್ಬಿಗಳು. ಅವುಗಳ ನಡುವೆ ಪಾದದ ಎಲುಬೊಂದು ಇಕ್ಕಳದಲ್ಲಿ ಹಿಡಿದಂತೆ ಕೂತಿರುತ್ತದೆ. ಮುರಿದ ಎಲುಬು ತುಸು ಸರಿದು ಕೂಡಿದರೂ ಕೀಲು ಬೇಗ ಸವೆಯುತ್ತದೆ.

1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಸರಳ ನಿಯಮವೊಂದನ್ನು ಪ್ರಕಟಿಸಿದರು. ಗುಬ್ಬಿಯ ತುದಿಯನ್ನಾಗಲಿ, ಅದರ ಹಿಂದಿನ ಅಂಚನ್ನು 6 ಸೆಂ.ಮೀ. ಮೇಲಿನವರೆಗಾಗಲಿ ಒತ್ತಿದಾಗ ಎಲುಬು ನೊಂದರೆ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೋವೇ ತಿಳಿಯದಿರಬಹುದು. ಅವರು ಈ ಪರೀಕ್ಷೆಯನ್ನು ನಂಬಿ ಕೂಡಬಾರದು.

ದವಾಖಾನೆ ಸೇರುವವರೆಗೆ ಕಾಲು ಊರಬೇಡಿ, ತಿಕ್ಕಬೇಡಿ, ಎಳೆಯಬೇಡಿ. ದಿಂಬಿನ ಮೇಲೆ ಎತ್ತರಕ್ಕಿಟ್ಟು, ಬಟ್ಟೆಯಲ್ಲಿ ಸುತ್ತಿದ ಬರ್ಫವನ್ನು 15-20 ನಿಮಿಷ ಇಡಿರಿ. ಎಲುಬು ಚರ್ಮ ಹರಿದು ಹೊರಬಂದಿದ್ದರೆ, ಪಾದ ತಿರುಚಿದ್ದರೆ, ತಣ್ಣಗಾಗಿ ಬಣ್ಣಗೆಟ್ಟಿದ್ದರೆ ಒಂದು ಗಳಿಗೆಯೂ ತಡ ಬೇಡ.

ಎಲುಬು ಸರಿಯದೆ ಕೀಲು ಭದ್ರವಾಗಿದ್ದರೆ ಪ್ಲಾಸ್ಟರ್ ಅಥವಾ ಪಟ್ಟಿಯ ಬೂಟು ಸಾಕು. ಕೂಡಲು ಸುಮಾರು ಆರು ವಾರ. ಸರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಮಾಡಿ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಬಾವು ಬಹಳವಿದ್ದರೆ ಅದು ಇಳಿಯಲೆಂದು ಕೆಲವು ದಿನ ಕಾಯಿಸುವುದೂ ಉಂಟು. ಅದನ್ನು ವೈದ್ಯರ ಅಸಡ್ಡೆ ಎಂದು ತಿಳಿಯಬಾರದು.

ಪ್ಲಾಸ್ಟರ್ ಇದ್ದಾಗ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ತಡೆಯದಷ್ಟು ಏರಿದರೆ ರಾತ್ರಿಯಾದರೂ ಹೋಗಿ ತೋರಿಸಿ. ಮೀನಖಂಡ ಬಾತರೆ, ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು; ಅದೂ ತುರ್ತೇ.

ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ. ಹಾಲು, ಬೇಳೆ ಊಟದಲ್ಲಿರಲಿ. ಉಪವಾಸ ಹಿಡಿಯುವ ಹಿರಿಯರು ಮೊದಲು ವೈದ್ಯರಿಗೆ ತಿಳಿಸಲಿ. ಪ್ಲಾಸ್ಟರ್ ಬಿಚ್ಚಿದ ದಿನವೇ ಕಾಲು ಮೊದಲಿನಂತಾಗದು; ಅವರು ಹೇಳಿದ ವ್ಯಾಯಾಮವನ್ನು ದಿನವೂ ಮಾಡಬೇಕು.

ಗಿರಾಕಿ ನಾಳೆಯೂ ಬರುತ್ತಾನೆ. ಕಾಲನ್ನು ಇಂದೇ ತೋರಿಸೋಣ.