ಯಾವುದಕ್ಕಿಂತ?

ಮೊನ್ನೆ ಶಿರೋಳಕ್ಕೆ ಹೋದಾಗ ಅಣ್ಣನ ಮಗಳು ಪಡಸಾಲೆಯಲ್ಲಿ ಕುಳಿತು ಇಂಗ್ಲಿಷ್ ವ್ಯಾಕರಣದ ಪಟ್ಟಿಯೊಂದನ್ನು ಬಾಯಿಪಾಠ ಮಾಡುತ್ತಿದ್ದಳು. ಗುಡ್, ಬೆಟರ್, ಬೆಸ್ಟ್. ಟಾಲ್, ಟಾಲರ್, ಟಾಲೆಸ್ಟ್. ಪಕ್ಕದಲ್ಲಿ ಕನ್ನಡ ಅರ್ಥ: ಎತ್ತರ, ಹೆಚ್ಚು ಎತ್ತರ, ಅತ್ಯಂತ ಎತ್ತರ. ಪೆನ್ಸಿಲು ಕಚ್ಚುತ್ತ ಕೇಳಿದಳು: "ಕಾಕಾ, ಇಂಗ್ಲಿಷಿನ್ಯಾಗ ಒಂದೊಂದಕ್ಕ ಒಂದೊಂದು ಶಬ್ದ ಐತಿ. ನಮ್ಮ ಕನ್ನಡದಾಗ ಯಾಕ ಇಲ್ಲ?"

ಅವಳ ವಯಸ್ಸಿನಲ್ಲಿ ನನಗೂ ಇದೇ ಪ್ರಶ್ನೆ ಹುಟ್ಟಿತ್ತು. ಕೇಳುವ ಧೈರ್ಯವಾಗದೆ ಉತ್ತರವನ್ನು ನಾನೇ ಕೊಟ್ಟುಕೊಂಡಿದ್ದೆ: ನಮ್ಮ ಭಾಷೆ ಬಡವಾಗಿರಬೇಕು. ಹಳ್ಳಿಯ ಹುಡುಗನೊಬ್ಬ ತನ್ನ ಮಾತಿನ ಬಗ್ಗೆ ನಾಚಿಕೆಪಡಲು ಕಲಿಯುವುದು ಇಂಥ ಪಟ್ಟಿಗಳಿಂದಲೇ. ಯಾರೂ ಬೈಯಬೇಕಾಗಿಲ್ಲ. ಮೂರು ಮನೆಯ ಒಂದು ಪಟ್ಟಿ ಕೊಟ್ಟು, ನಿನ್ನ ಭಾಷೆಯಿಂದ ಇದನ್ನು ತುಂಬು ಎಂದರೆ ಸಾಕು.

ಅದೇ ಹೊತ್ತಿಗೆ ಅವ್ವ ಒಳಗೆ ಮರದಲ್ಲಿ ಜೋಳ ಹಸನು ಮಾಡುತ್ತ ಯಾರಿಗೋ ಹೇಳುತ್ತಿದ್ದಳು: "ಹ್ವಾದ ವರ್ಷದ್ದಕ್ಕಿಂತ ಈ ಜ್ವಾಳ ಚಲೋ ಅದಾವು. ಆದ್ರ ಮಾವ ಬೆಳೀತಿದ್ದ ಜ್ವಾಳದ ಮುಂದ ಇವು ಯಾವ ಲೆಕ್ಕ?" ಒಂದೇ ಉಸಿರಿನಲ್ಲಿ ಎರಡು ಹೋಲಿಕೆ. 'ಚಲೋ' ಎಂಬ ಪದದ ಮೈಮೇಲೆ ಒಂದು ಗೀರೂ ಬಿದ್ದಿಲ್ಲ. ಹೋಲಿಕೆಯ ಕೆಲಸವನ್ನೆಲ್ಲ ಮಾಡಿದ್ದು 'ಕ್ಕಿಂತ' ಮತ್ತು 'ಮುಂದ'. ಹೆಚ್ಚು ಚಲೋ, ಅತ್ಯಂತ ಚಲೋ ಎಂದು ನಮ್ಮ ಎರಿಹೊಲದ ಸೀಮೆಯಲ್ಲಿ ಯಾರಾದರೂ ಅಂದದ್ದನ್ನು ನಾನಂತೂ ಕೇಳಿಲ್ಲ.

ನನ್ನ ನಾಚಿಕೆ ಬಿಟ್ಟದ್ದು ವಿಚಿತ್ರವಾದ ಕಡೆಯಿಂದ. ಬೆಂಗಳೂರಿನಲ್ಲಿ ಕೆಲಸದ ನಡುವೆ ಹುಚ್ಚಿಗೆ ಬಿದ್ದು ಸ್ಪ್ಯಾನಿಶ್ ಕಲಿಯಲು ಹೊರಟೆ. ಅಲ್ಲಿ ಎತ್ತರದವಳು 'ಆಲ್ತಾ'. ಇನ್ನೊಬ್ಬಳಿಗಿಂತ ಎತ್ತರವಾದರೆ 'ಮಾಸ್ ಆಲ್ತಾ'. ತರಗತಿಗೇ ಎತ್ತರವಾದರೆ 'ಲಾ ಮಾಸ್ ಆಲ್ತಾ'. ಮೇಲಿನ ಎರಡು ಮೆಟ್ಟಿಲಿಗೂ ಅದೇ 'ಮಾಸ್'. ನಡುವೆ ಇರುವುದು 'ಲಾ' ಎಂಬ ಒಂದು ಪುಟ್ಟ ಪದ ಮಾತ್ರ. ಕೆಲವು ಕಡೆ ಅದೂ ಇಲ್ಲ. 'ಮಿ ಎರ್ಮಾನಾ ಮಯೋರ್' ಎಂದರೆ ನನಗಿಂತ ದೊಡ್ಡ ಸೋದರಿಯೂ ಹೌದು, ಎಲ್ಲರಿಗಿಂತ ದೊಡ್ಡ ಸೋದರಿಯೂ ಹೌದು. ಸ್ಪ್ಯಾನಿಶಿನ ತಾಯಿಯಾದ ಲ್ಯಾಟಿನ್ನಿನಲ್ಲಿ ಇಂಗ್ಲಿಷಿನಂತೆಯೇ ಪದಕ್ಕೆ ಅಂಟುವ ಪ್ರತ್ಯಯಗಳಿದ್ದವು. ಮಗಳು ಅವನ್ನು ಬಿಸಾಕಿ ಮೆಹೋರ್, ಪೆಯೋರ್, ಮಯೋರ್, ಮೆನೋರ್ ಎಂಬಂಥ ಬೆರಳೆಣಿಕೆಯ ಪದಗಳಲ್ಲಿ ಉಳಿಸಿಕೊಂಡಳು. 'ಆಲ್ತೀಸಿಮಾ' ಎಂಬುದಿದೆಯಲ್ಲ ಎನ್ನಬಹುದು. ಅದರ ಅರ್ಥ ಎಲ್ಲರಿಗಿಂತ ಎತ್ತರ ಎಂದಲ್ಲ, ಬಹಳ ಎತ್ತರ ಎಂದಷ್ಟೇ. 1605ರಲ್ಲಿ 'ಡಾನ್ ಕಿಹೋಟೆ' ಬಂದದ್ದು ಈ ಭಾಷೆಯಲ್ಲಿ. ಅದನ್ನು ಯಾರಾದರೂ ಬಡಭಾಷೆ ಅಂದಾರೆಯೇ?

'ಮಯೋರ್' ಕಲಿತ ದಿನ ನನಗೆ ನಗು ಬಂತು. ಅಕ್ಕ ಎನ್ನಲು ಅವರಿಗೆ ಎರಡು ಪದ ಬೇಕು! ಕನ್ನಡದ ಮಗು ಅಕ್ಕ, ತಂಗಿ, ಅಣ್ಣ, ತಮ್ಮ ಎನ್ನುವಾಗಲೇ ಹೋಲಿಕೆ ಮಾಡಿ ಮುಗಿಸಿರುತ್ತದೆ. ಹೋಲಿಸದೆ ಒಡಹುಟ್ಟಿದವರನ್ನು ಕರೆಯುವ ಸರಳ ದಾರಿಯೇ ನಮಗಿಲ್ಲ. ಇನ್ನು ತುತ್ತತುದಿ, ಕಟ್ಟಕಡೆ, ಮೊಟ್ಟಮೊದಲು, ನಟ್ಟನಡುವೆ, ಬಟ್ಟಬಯಲು. ಪದದ ತಲೆಯನ್ನೇ ಎರಡು ಸಲ ಬಡಿದು ಅದರಾಚೆ ಇನ್ನೇನೂ ಇಲ್ಲ ಎನ್ನಿಸುವ ಈ ವರಸೆ ಪಟ್ಟಿಯ ಮೂರನೆಯ ಮನೆಗೆ ಹೇಳಿ ಮಾಡಿಸಿದಂತಿದೆ. ನಾನು ಕಂಡ ಯಾವ ಪಟ್ಟಿಯಲ್ಲೂ ಇವಿಲ್ಲ.

ಇದ್ದದ್ದು 'ತರ-ತಮ'. ಅದು ಸಂಸ್ಕೃತದ್ದು, ಅಲ್ಲಿ ಚೆನ್ನಾಗಿಯೇ ಇದೆ. ಶ್ರೇಷ್ಠ, ಕನಿಷ್ಠ, ಗರಿಷ್ಠಗಳ ಕೊನೆಯ 'ಇಷ್ಠ'ವೂ ಇಂಗ್ಲಿಷಿನ 'ಎಸ್ಟ್' ಪ್ರತ್ಯಯವೂ ಒಂದೇ ಮೂಲದವು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಆ ಮೂರು ಮನೆಯ ಏಣಿ ಒಂದು ಮನೆತನದ ಸೊತ್ತು. ಕನ್ನಡ ಆ ಮನೆತನದ್ದೇ ಅಲ್ಲ. ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕಕ್ಕೇ ಹೆಸರಿಟ್ಟು ಕೂಗಿ ಹೇಳಿದರು. (ಅವರ ಬರವಣಿಗೆಯಲ್ಲಿ ಮಹಾಪ್ರಾಣ ಎಲ್ಲಿ ಹೋಯಿತು ಎಂಬ ಜಗಳದಲ್ಲಿ ಈ ಮಾತು ಅರ್ಧ ಮುಳುಗಿತು.) ನನಗೆ ಸಂಸ್ಕೃತದ ಪದಗಳ ಮೇಲೆ ಸಿಟ್ಟಿಲ್ಲ. ಅತ್ಯಂತ, ಉತ್ತಮ ಇವೆಲ್ಲ ನಮ್ಮ ಮನೆಯವೇ ಆಗಿ ಎಷ್ಟೋ ಕಾಲವಾಯಿತು. ಸಿಟ್ಟು ಏಣಿಯ ಮೇಲೆ. 'ಉತ್ತಮ'ದಲ್ಲಿ 'ತಮ' ಮೊದಲೇ ಇದೆ, ಎಲ್ಲಕ್ಕಿಂತ ಮೇಲಿನದು ಎಂದೇ ಅದರ ಮೂಲ ಅರ್ಥ. ನಾವು ಅದನ್ನು ಸುಮ್ಮನೆ 'ಒಳ್ಳೆಯದು' ಆಗುವ ತನಕ ಸವೆಸಿದೆವು. ಆಮೇಲೆ ಅತ್ಯುತ್ತಮ ಬಂತು. ಅದೂ ಸಾಲದೆ ಈಗ ಆಮಂತ್ರಣ ಪತ್ರಿಕೆಗಳಲ್ಲಿ 'ಅತ್ಯಂತ ಶ್ರೇಷ್ಠತಮ' ಕಾಣುತ್ತಿದೆ.

ಇದು ಶಾಲೆಯಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ನಮ್ಮ ಸಾಹಿತ್ಯ ವಿಮರ್ಶೆಯನ್ನು ಕೆಡಿಸಿದೆ. 'ಈ ದಶಕದ ಅತ್ಯಂತ ಮಹತ್ವದ ಕೃತಿಗಳಲ್ಲಿ ಒಂದು' ಎಂಬ ಸಾಲಿಲ್ಲದ ಬೆನ್ನುಡಿ ಈಗ ಅಪರೂಪ. ಆ ವಾಕ್ಯ ನೇರ ಇಂಗ್ಲಿಷಿನಿಂದ ಇಳಿದದ್ದು. ತುದಿ ಒಂದೇ ಇರಬೇಕಲ್ಲ, ಅಲ್ಲಿ ಇಷ್ಟೊಂದು ಜನ ಹೇಗೆ ನಿಂತರು? ಕನ್ನಡದ 'ಗಿಂತ' ಇಂಥ ಕಳ್ಳದಾರಿ ಬಿಡುವುದಿಲ್ಲ. ಅದು ವಿಭಕ್ತಿಯ ಬೆನ್ನು ಹತ್ತಿಯೇ ಬರಬೇಕು: ಅದಕ್ಕಿಂತ, ಇವಳಿಗಿಂತ, ಹೋದ ವರ್ಷದ್ದಕ್ಕಿಂತ. ಇನ್ನೊಂದರ ಹೆಸರು ಹೇಳದೆ ಬಾಯಿ ತೆರೆಯುವಂತಿಲ್ಲ. ಹೆಸರು ಹೇಳಿದರೆ ಆ ಇನ್ನೊಂದನ್ನೂ ಓದಿರಬೇಕು, ಅದನ್ನು ಬರೆದವರ ಮುನಿಸಿಗೂ ತಯಾರಿರಬೇಕು. 'ಅತ್ಯಂತ' ಎಂದರೆ ಯಾರೂ ಮುನಿಯುವುದಿಲ್ಲ. ಅದಕ್ಕೇ ಅದು ಅಷ್ಟು ಅಗ್ಗ.

ಇದನ್ನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಕವನ ಸಂಕಲನಕ್ಕೆ ನಾನೂ ಬೆನ್ನುಡಿ ಬರೆದೆ. 'ಇತ್ತೀಚೆಗೆ ಬಂದ ಅತ್ಯುತ್ತಮ ಸಂಕಲನಗಳಲ್ಲಿ ಒಂದು.' ಓದಿ ಅವನು ಫೋನ್ ಮಾಡಿದ. "ಭಾರೀ ಬರದೀಯಲ್ಲೋ. ಯಾವುದಕ್ಕಿಂತ ಚಲೋ ಐತಿ ಹೇಳು?"

ಆ ವರ್ಷ ನಾನು ಓದಿದ್ದ ಸಂಕಲನ ಅದೊಂದೇ.